ವೇವರ್ಟನ್‌ನಲ್ಲಿ ಬಾಡಿಗೆ ಮನೆ: ನೀರು ಕಾಣುವ ಕಿಟಕಿಗಿಂತ ಬಿಸಿಲು ಬೀಳುವ ಕಿಟಕಿ ಮುಖ್ಯ

ಸಿಡ್ನಿ ಹಾರ್ಬರ್‌ನ ಉತ್ತರ ದಂಡೆಯಲ್ಲಿ, ದೊಡ್ಡ ಸೇತುವೆಯಿಂದ ಸ್ವಲ್ಪ ಪಶ್ಚಿಮಕ್ಕೆ ಸರಿದರೆ ವೇವರ್ಟನ್ ಮತ್ತು ವುಲ್‌ಸ್ಟೋನ್‌ಕ್ರಾಫ್ಟ್ ಎಂಬ ಎರಡು ಸಣ್ಣ ಬಡಾವಣೆಗಳಿವೆ. ಒಂದು ಕಾಲಕ್ಕೆ ಕಲ್ಲಿದ್ದಲು ಇಳಿಸುವ ಕಟ್ಟೆ, ತೈಲದ ಟ್ಯಾಂಕುಗಳು ಇದ್ದ ದಡ ಇದು. ಟ್ಯಾಂಕುಗಳ ಜಾಗದಲ್ಲಿ ಈಗ ಕರ್ರಡಾ ಪಾರ್ಕ್ ಇದೆ, ಕಲ್ಲಿದ್ದಲಿನ ಕಟ್ಟೆಯ ಮೇಲೆ ಜನ ತರಕಾರಿ ಬೆಳೆಯುತ್ತಾರೆ. ರೈಲು ಹತ್ತಿದರೆ ವೇವರ್ಟನ್‌ನಿಂದ ನಾರ್ತ್ ಸಿಡ್ನಿ, ಮಿಲ್ಸನ್ಸ್ ಪಾಯಿಂಟ್, ಆಮೇಲೆ ಸೇತುವೆ ದಾಟಿ ವಿನ್ಯಾರ್ಡ್. ಪೇಟೆಯ ನಡುವಿಗೆ ಮೂರೇ ಸ್ಟೇಷನ್. ಆದರೂ ಸಂಜೆ ಏಳಕ್ಕೆ ಬೀದಿಯಲ್ಲಿ ನಾಯಿ ಓಡಾಡಿಸುವವರನ್ನು ಬಿಟ್ಟರೆ ಸದ್ದಿಲ್ಲ.

ಬೆಂಗಳೂರಿನಿಂದ ಬರುವ ನಮ್ಮವರು ಹೆಚ್ಚಾಗಿ ಪಶ್ಚಿಮದ ವೆಂಟ್‌ವರ್ತ್‌ವಿಲ್, ವೆಸ್ಟ್‌ಮೀಡ್, ಪೆಂಡಲ್ ಹಿಲ್ ಕಡೆಗೆ ಹೋಗುತ್ತಾರೆ. ಅಲ್ಲಿ ಮನೆ ಹಿಡಿಯುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ನೀರಿನಂಚಿನ ಈ ಹಳೆಯ ಬಡಾವಣೆಗಳ ಬಗ್ಗೆ ಕನ್ನಡದಲ್ಲಿ ಹೇಳುವವರು ಕಡಿಮೆ. ಹುಡುಕಾಟ, ಅರ್ಜಿ, ಕರಾರು, ಮೊದಲ ಚಳಿಗಾಲ ಎಲ್ಲವನ್ನೂ ಈಚೆಗಷ್ಟೇ ದಾಟಿರುವುದರಿಂದ, ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಇದು ಪೂರ್ತಿ ನ್ಯೂ ಸೌತ್ ವೇಲ್ಸ್ ರಾಜ್ಯದ ನಿಯಮಗಳಿಗೆ ಸೇರಿದ್ದು. ಮೆಲ್ಬರ್ನ್, ಬ್ರಿಸ್ಬೇನ್‌ಗಳಲ್ಲಿ ನಿಯಮ ಬೇರೆ.

ಮೊದಲು ಲೆಕ್ಕ. ಇಲ್ಲಿ ಬಾಡಿಗೆ ಹೇಳುವುದು ವಾರಕ್ಕೆ. ವಾರಕ್ಕೆ 700 ಡಾಲರ್ ಎಂದು ಕಂಡರೆ ನಾಲ್ಕರಿಂದ ಗುಣಿಸಿ ತಿಂಗಳಿಗೆ 2,800 ಎಂದುಕೊಳ್ಳಬೇಡಿ. ವರ್ಷಕ್ಕೆ 52 ವಾರ. ಹಾಗಾಗಿ ತಿಂಗಳಿಗೆ 3,033 ಡಾಲರ್ ಆಗುತ್ತದೆ. ಸಂಬಳದಲ್ಲಿ ಎಷ್ಟು ಉಳಿಯುತ್ತದೆ ಎಂದು ಭಾರತದಲ್ಲಿ ಕುಳಿತು ಹಾಕುವ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ. ಮನೆ ಸೇರುವ ದಿನಕ್ಕೆ ಕೈಯಲ್ಲಿರಬೇಕಾದ ಹಣ ಮಾತ್ರ ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್‌ನಷ್ಟು ಭಯಂಕರವಲ್ಲ. ಬಾಂಡ್ ಎನ್ನುವ ಠೇವಣಿ ಹೆಚ್ಚೆಂದರೆ ನಾಲ್ಕು ವಾರದ ಬಾಡಿಗೆ, ಮುಂಗಡ ಬಾಡಿಗೆ ಹೆಚ್ಚೆಂದರೆ ಎರಡು ವಾರದ್ದು. 700 ಡಾಲರಿನ ಮನೆಗೆ ಒಟ್ಟು 4,200 ಡಾಲರ್. ಅದಕ್ಕಿಂತ ಹೆಚ್ಚು ಕೇಳಲು ಓನರ್‌ಗೂ ಹಕ್ಕಿಲ್ಲ, ಏಜೆಂಟ್‌ಗೂ ಹಕ್ಕಿಲ್ಲ. ಸಾಗಣೆ ವ್ಯಾನು, ಹಾಸಿಗೆ, ಫ್ರಿಡ್ಜ್, ವಾಷಿಂಗ್ ಮೆಷಿನ್ ಬೇರೆ ಖರ್ಚು. ಇಲ್ಲಿ ಬಾಡಿಗೆ ಮನೆಯಲ್ಲಿ ಒಲೆ ಮತ್ತು ಓವನ್ ಇರುತ್ತವೆ, ಫ್ರಿಡ್ಜ್ ಸಾಮಾನ್ಯವಾಗಿ ಇರುವುದಿಲ್ಲ. ಆಸ್ಟ್ರೇಲಿಯಾದ ಬ್ಯಾಂಕ್ ಖಾತೆಯನ್ನು ಹೊರಡುವ ಮುಂಚೆಯೇ ಆನ್‌ಲೈನಿನಲ್ಲಿ ತೆರೆಯಲು ಕೆಲವು ಬ್ಯಾಂಕುಗಳು ಬಿಡುತ್ತವೆ. ತೆರೆದು ಹಣ ಹಾಕಿಟ್ಟುಕೊಳ್ಳಿ. ಮನೆ ಒಪ್ಪಿಗೆಯಾದ ಮೇಲೆ ಭಾರತದಿಂದ ಹಣ ಬರಲಿ ಎಂದು ಕಾಯುವಷ್ಟು ಪುರುಸೊತ್ತು ಯಾರೂ ಕೊಡುವುದಿಲ್ಲ.

ಹುಡುಕಾಟಕ್ಕೆ ಡೊಮೇನ್ ಮತ್ತು ರಿಯಲ್‌ಎಸ್ಟೇಟ್ ಎಂಬ ಎರಡು ಆ್ಯಪ್‌ಗಳು ಸಾಕು. ವೇವರ್ಟನ್, ವುಲ್‌ಸ್ಟೋನ್‌ಕ್ರಾಫ್ಟ್, ಮೆಕ್‌ಮಾನ್ಸ್ ಪಾಯಿಂಟ್ ಮೂರನ್ನೂ ಹಾಕಿ ಅಲರ್ಟ್ ಇಟ್ಟುಕೊಳ್ಳಿ. ಜೊತೆಗೆ ಕ್ರೋಸ್ ನೆಸ್ಟ್ ಸೇರಿಸಿ. 19 ಆಗಸ್ಟ್ 2024ರಂದು ಅಲ್ಲಿ ಮೆಟ್ರೋ ಶುರುವಾದ ಮೇಲೆ, ನೀರಿನ ಹತ್ತಿರವೇ ಇರಬೇಕೆನ್ನದಿದ್ದರೆ ಓಡಾಟಕ್ಕೆ ಅದೂ ಒಳ್ಳೆಯ ಜಾಗ. ಬಡಾವಣೆ ಚಿಕ್ಕದು, ಹಾಗಾಗಿ ಒಂದು ಹೊತ್ತಿಗೆ ಖಾಲಿ ಇರುವ ಮನೆಗಳೂ ಕೆಲವೇ. ನೋಡಿದ ಮನೆ ಸರಿಬರಲಿಲ್ಲ ಎಂದರೆ ಮುಂದಿನದಕ್ಕೆ ಇನ್ನೊಂದು ವಾರ ಕಾಯಬೇಕಾಗುತ್ತದೆ. ಅಷ್ಟು ದಿನ ಉಳಿಯಲು ತಾತ್ಕಾಲಿಕ ಜಾಗವನ್ನು ಮೊದಲೇ ಸ್ವಲ್ಪ ಉದ್ದಕ್ಕೇ ಬುಕ್ ಮಾಡಿಕೊಳ್ಳುವುದು ಮನಸ್ಸಿಗೆ ಒಳ್ಳೆಯದು. ತಂಗಿರುವ ಜಾಗ ಬಿಡುವ ದಿನ ಹತ್ತಿರ ಬರುತ್ತಿದ್ದ ಹಾಗೆ ಯಾವುದೋ ಒಂದು ಮನೆಗೆ ಹೂಂ ಅನ್ನುವ ಅವಸರ ಬಂದುಬಿಡುತ್ತದೆ.

ಮನೆ ತೋರಿಸುವುದು ಸಾಮಾನ್ಯವಾಗಿ ಶನಿವಾರ, ಹದಿನೈದು ನಿಮಿಷದ ಅವಧಿ. ಬಾಗಿಲು ತೆರೆದಾಗ ಒಳಗೆ ಹೋಗಬೇಕು, ಮುಚ್ಚುವ ಹೊತ್ತಿಗೆ ಹೊರಬರಬೇಕು. ಮೆಟ್ಟಿಲ ಮೇಲೆ ಸಾಲು ನಿಂತವರನ್ನು ನೋಡಿದಾಗಲೇ ಅರ್ಧ ಧೈರ್ಯ ಹೋಗುತ್ತದೆ. ಆ ಹದಿನೈದು ನಿಮಿಷದಲ್ಲಿ ಏನು ನೋಡಬೇಕು ಎನ್ನುವುದೇ ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ.

ನಮ್ಮಲ್ಲಿ ಸೂರ್ಯ ವರ್ಷದ ಹೆಚ್ಚು ಕಾಲ ದಕ್ಷಿಣಕ್ಕೆ ವಾಲಿ ಸಾಗುತ್ತಾನೆ. ಸಿಡ್ನಿಯಲ್ಲಿ ತಿರುವುಮುರುವು, ಇಲ್ಲಿ ಸೂರ್ಯ ಸಾಗುವುದು ಉತ್ತರದ ಆಕಾಶದಲ್ಲಿ. ಜೂನ್ ಕೊನೆಯಲ್ಲಿ ನಡುಮಧ್ಯಾಹ್ನ ಕೂಡ ಅವನು ದಿಗಂತದಿಂದ ಸುಮಾರು 33 ಡಿಗ್ರಿಯಷ್ಟೇ ಮೇಲಿರುತ್ತಾನೆ. ಆ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಕೋಣೆಯ ಒಳಗೋಡೆಯವರೆಗೂ ಬರುತ್ತದೆ. ದಕ್ಷಿಣದ ಕಿಟಕಿಗೆ ಚಳಿಗಾಲದುದ್ದಕ್ಕೂ ನೇರ ಬಿಸಿಲು ಬೀಳುವುದೇ ಇಲ್ಲ. ಈಗ ನಕ್ಷೆ ನೋಡಿ. ನಾವಿರುವುದು ಹಾರ್ಬರ್‌ನ ಉತ್ತರ ದಂಡೆ, ಅಂದರೆ ನೀರು, ಸೇತುವೆ, ಪೇಟೆಯ ದೀಪಗಳು ಎಲ್ಲವೂ ದಕ್ಷಿಣಕ್ಕೆ. ಜಾಹೀರಾತಿನ ಮೊದಲ ಫೋಟೋದಲ್ಲಿ ನೀರು ಹೊಳೆಯುತ್ತಿದ್ದರೆ ಆ ಕೋಣೆ ಬಹುತೇಕ ದಕ್ಷಿಣಕ್ಕೆ ಮುಖಮಾಡಿದ್ದು ಎಂದೇ ತಿಳಿಯಿರಿ. ಜಾಸ್ತಿ ಬಾಡಿಗೆ ಕೊಟ್ಟು, ತಣ್ಣನೆಯ, ಒಣಗದ ಕೋಣೆ ತೆಗೆದುಕೊಂಡ ಹಾಗಾಗುತ್ತದೆ. ಪೂರ್ವದ ಬಾಗಿಲು ಬೇಕೆನ್ನುವವರು ಅದನ್ನೂ ನೋಡಿಕೊಳ್ಳಲಿ, ಆದರೆ ಒಂದೇ ದಿಕ್ಕು ಆಯ್ದುಕೊಳ್ಳಿ ಎಂದರೆ ಇಲ್ಲಿ ಉತ್ತರ. ಫೋನಿನ ದಿಕ್ಸೂಚಿಯನ್ನು ಕೋಣೆಯ ಮಧ್ಯೆ ನಿಂತು ತೆರೆಯಿರಿ, ಜಾಹೀರಾತಿನ ಮಾತು ನಂಬಬೇಡಿ. ಎರಡು ಬದಿಗೂ ಕಿಟಕಿ ಇರುವ ಮೂಲೆಯ ಮನೆ ಸಿಕ್ಕರೆ ನೋಟವೂ ಉಂಟು, ಗಾಳಿಯೂ ಆಡುತ್ತದೆ. ಅಂಥದ್ದು ಸಿಕ್ಕರೆ ಬಿಡಬೇಡಿ.

ಎರಡನೆಯದು ಇಳಿಜಾರು. ಈ ದಂಡೆಯೆಲ್ಲ ಮರಳುಗಲ್ಲಿನ ಗುಡ್ಡ. ಕಟ್ಟಡದ ಮುಂಬಾಗಿಲಿನಿಂದ ಕೆಳಗಿಳಿದು ಹೋಗುವ ಮನೆಗಳಿಗೆ ನೀರಿನ ಕಡೆ ಬಾಲ್ಕನಿ ಇರುತ್ತದೆ, ಹಿಂಬದಿ ಗೋಡೆ ಮಾತ್ರ ಬಂಡೆಗೋ ಮಣ್ಣಿಗೋ ಒತ್ತಿಕೊಂಡಿರುತ್ತದೆ. ಮಳೆ ಬಿದ್ದಾಗ ಬಂಡೆಯ ಸಂದಿನಿಂದ ನೀರು ಒಸರಿ ಆ ಗೋಡೆ ತೇವವಾಗುತ್ತದೆ. ಹೊಸ ಬಣ್ಣ ಬಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೆ ಗೊತ್ತಾಗುತ್ತದೆ. ಗೋಡೆಗೆ ಕೂಡಿಸಿದ ಬೀರುವಿನ ಬಾಗಿಲು ತೆಗೆದು ಒಳಗೆ ತಲೆಯಿಟ್ಟು ಉಸಿರೆಳೆದುಕೊಳ್ಳಿ, ಮುಗ್ಗಲು ವಾಸನೆ ಬಂದರೆ ಅಲ್ಲಿಗೆ ಮುಗಿಯಿತು. ಬೀರುವಿನ ಹಿಂಭಾಗದ ಕೆಳಮೂಲೆ, ಅಡುಗೆಮನೆ ಸಿಂಕ್‌ನ ಕೆಳಗಿನ ಕಪಾಟು, ಬಚ್ಚಲಿನ ಚಾವಣಿ ಈ ಮೂರು ಕಡೆ ಫೋನಿನ ಟಾರ್ಚ್ ಹಾಕಿ ನೋಡಿ. ಕೆಳಗಿನ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಕೂಡ ಸೊರಗುತ್ತದೆ, ನಿಂತಲ್ಲೇ ಒಂದು ಕರೆ ಮಾಡಿ ಪರೀಕ್ಷಿಸಿ.

ಉಪ್ಪುಗಾಳಿಯ ಗುರುತು ಕಿಟಕಿಗಳಲ್ಲಿ ಸಿಗುತ್ತದೆ. ಅಲ್ಯೂಮಿನಿಯಂ ಜಾರುಬಾಗಿಲಿನ ಹಳಿಯಲ್ಲಿ ಬಿಳಿ ಪುಡಿ ಕಂಡರೆ ಲೋಹ ತಿಂದುಹೋಗುತ್ತಿದೆ ಎಂದರ್ಥ. ಪ್ರತಿ ಕಿಟಕಿಯನ್ನೂ ಒಮ್ಮೆ ತೆರೆದು ಮುಚ್ಚಿ ನೋಡಿ. ಚಿಲಕ ಕೂರದ ಕಿಟಕಿ ಚಳಿಗಾಲದಲ್ಲಿ ರಾತ್ರಿಯಿಡೀ ಗಾಳಿ ಬಿಡುತ್ತದೆ. ಬಿಸಿನೀರಿನ ಟ್ಯಾಂಕಿನ ಮೇಲೆ ಎಷ್ಟು ಲೀಟರ್ ಎಂದು ಬರೆದಿರುತ್ತದೆ. ಹಳೆಯ ಒಂದು ಕೋಣೆಯ ಮನೆಗಳಲ್ಲಿ 50 ಲೀಟರಿನ ಟ್ಯಾಂಕು ಸಾಮಾನ್ಯ. ಇಬ್ಬರು ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋದರೆ ಎರಡನೆಯವರಿಗೆ ತಣ್ಣೀರು, ತಲೆಗೆ ಎಣ್ಣೆ ಹಾಕಿಕೊಂಡ ದಿನವಂತೂ ಕಷ್ಟವೇ. ಶವರ್ ತಿರುಗಿಸಿ ನೀರಿನ ರಭಸ ನೋಡಿ, ಏಜೆಂಟ್ ಬೇಡವೆನ್ನುವುದಿಲ್ಲ.

ಅಡುಗೆಯ ವಿಷಯ ನಮ್ಮವರಿಗೆ ಬೇರೆಯೇ. ಒಲೆಯ ಮೇಲಿನ ಹೊಗೆಗೂಡು ಹೊಗೆಯನ್ನು ಹೊರಗೆ ಬಿಡುತ್ತದೋ, ಸೋಸಿ ಮತ್ತೆ ಕೋಣೆಗೇ ಊದುತ್ತದೋ ಕೇಳಿ. ಹಳೆಯ ಕಟ್ಟಡಗಳಲ್ಲಿ ಎರಡನೆಯ ಬಗೆಯದೇ ಹೆಚ್ಚು. ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಹೊಗೆ ಅಲಾರಂ ಕೂಗಿಬಿಡುತ್ತದೆ. ಅದನ್ನು ಕಳಚಿಡುವುದು, ಪ್ಲಾಸ್ಟಿಕ್ ಕಟ್ಟುವುದು ಕಾನೂನಿಗೆ ವಿರುದ್ಧ, ಅಪಾಯ ಕೂಡ. ಅಡುಗೆಮನೆಗೆ ತೆರೆಯುವ ಕಿಟಕಿ ಇರುವ ಮನೆಯನ್ನೇ ಆರಿಸಿಕೊಳ್ಳುವುದು ಇದಕ್ಕೆ ಪರಿಹಾರ.

ಕೊನೆಗೆ, ಮನೆ ನೋಡಿದ ಮೇಲೆ ಸ್ಟೇಷನ್ನಿಗೆ ನಡೆದೇ ಹೋಗಿ. ನಕ್ಷೆಯಲ್ಲಿ 600 ಮೀಟರ್ ಎಂದು ಕಾಣುವ ದಾರಿ ದಡದಿಂದ ಮೇಲಕ್ಕೆ ಪೂರ್ತಿ ಏರು. ದಿನಸಿ ಚೀಲ ಹೊತ್ತು, ಮಗುವಿನ ಗಾಡಿ ತಳ್ಳಿಕೊಂಡು ಇದೇ ದಾರಿಯಲ್ಲಿ ದಿನಾ ಓಡಾಡಬೇಕು. ಮೂರು ಮಹಡಿಯ ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳಿಗೆ ಲಿಫ್ಟ್ ಇರುವುದಿಲ್ಲ. ವುಲ್‌ಸ್ಟೋನ್‌ಕ್ರಾಫ್ಟ್ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಬಾಗಿದೆ. ರೈಲಿಗೂ ಅದಕ್ಕೂ ನಡುವೆ ದೊಡ್ಡ ಸಂದು ಬೀಳುತ್ತದೆ, ಪುಟ್ಟ ಮಕ್ಕಳ ಕೈ ಹಿಡಿದುಕೊಳ್ಳಿ.

ಈಗ ಅರ್ಜಿ. ನೋಡಿದ ದಿನವೇ ಅರ್ಜಿ ಹಾಕಬೇಕು, ಸೋಮವಾರ ಹಾಕೋಣ ಎಂದರೆ ಆ ಮನೆ ಇರುವುದಿಲ್ಲ. ಏಜೆಂಟರು ತಮ್ಮದೇ ಆ್ಯಪ್‌ನ ಕೊಂಡಿ ಕಳುಹಿಸುತ್ತಾರೆ. ಒಬ್ಬೊಬ್ಬರದು ಒಂದೊಂದು ಆ್ಯಪ್ ಆದ್ದರಿಂದ ಅದೇ ಕಾಗದಗಳನ್ನು ಪದೇ ಪದೇ ಏರಿಸುತ್ತ ಕೂರಬೇಕು. ಎಲ್ಲವನ್ನೂ ಹೆಸರಿಟ್ಟು ಒಂದು ಫೋಲ್ಡರಿನಲ್ಲಿ ಪಿಡಿಎಫ್ ಮಾಡಿಟ್ಟುಕೊಳ್ಳಿ: ಪಾಸ್‌ಪೋರ್ಟ್, ವೀಸಾ ಮಂಜೂರಾತಿ ಪತ್ರ, ಡ್ರೈವಿಂಗ್ ಲೈಸೆನ್ಸ್, ಸಂಬಳ ನಮೂದಿಸಿದ ನೇಮಕಾತಿ ಪತ್ರ, ಈಚಿನ ಪೇಸ್ಲಿಪ್‌ಗಳು, ಬ್ಯಾಂಕ್ ಸ್ಟೇಟ್‌ಮೆಂಟ್. ಗುರುತಿನ ಒಂದೊಂದು ಕಾಗದಕ್ಕೂ ಇಷ್ಟಿಷ್ಟು ಪಾಯಿಂಟ್ ಎಂದಿರುತ್ತದೆ, ಒಟ್ಟು 100 ಆಗಬೇಕು ಎನ್ನುತ್ತಾರೆ. ಪಾಸ್‌ಪೋರ್ಟ್ ಜೊತೆ ಲೈಸೆನ್ಸ್ ಮತ್ತು ಬ್ಯಾಂಕ್ ಕಾರ್ಡ್ ಕೊಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ.

ಹೊಸದಾಗಿ ಬಂದವರಿಗೆ ಎದುರಾಗುವ ದೊಡ್ಡ ಅಡ್ಡಿ ಬಾಡಿಗೆಯ ಚರಿತ್ರೆ. ಈ ದೇಶದಲ್ಲಿ ಹಿಂದೆ ಎಲ್ಲಿದ್ದಿರಿ, ಬಾಡಿಗೆ ತಪ್ಪದೆ ಕಟ್ಟಿದ್ದಕ್ಕೆ ದಾಖಲೆ ಎಲ್ಲಿ ಎಂದು ಫಾರಂ ಕೇಳುತ್ತದೆ. ಆ ಜಾಗ ಖಾಲಿ ಬಿಟ್ಟರೆ ಅರ್ಜಿ ಹಿಂದೆ ಬೀಳುತ್ತದೆ. ಬೆಂಗಳೂರಿನ ಕರಾರು ಪತ್ರ, ಓನರ್‌ಗೆ ತಿಂಗಳು ತಿಂಗಳು ಬಾಡಿಗೆ ಹೋದದ್ದನ್ನು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್, ಓನರ್ ಬರೆದುಕೊಟ್ಟ ನಾಲ್ಕು ಸಾಲಿನ ಇಂಗ್ಲಿಷ್ ಪತ್ರ ಇಷ್ಟನ್ನು ಹೊರಡುವ ಮೊದಲೇ ತೆಗೆದುಕೊಂಡು ಬನ್ನಿ. ಇಲ್ಲಿಗೆ ಬಂದಮೇಲೆ ಫೋನಿನಲ್ಲಿ ಕೇಳಿ ತರಿಸಿಕೊಳ್ಳುವುದು ಬಹಳ ತಲೆನೋವು. ಜೊತೆಗೆ ಅರ್ಧ ಪುಟದ ಪರಿಚಯ ಪತ್ರ: ಯಾರು ಇರುತ್ತೀರಿ, ಎಲ್ಲಿ ಕೆಲಸ, ಯಾವ ದಿನದಿಂದ ಬರಬಲ್ಲಿರಿ, ಎಷ್ಟು ಕಾಲ ಇರುವ ಆಲೋಚನೆ. ಆಫೀಸಿನ ಮ್ಯಾನೇಜರ್‌ಗೆ ಮುಂಚೆಯೇ ಹೇಳಿಡಿ. ಏಜೆಂಟ್ ಫೋನ್ ಮಾಡಿದಾಗ ಅವರು ಎತ್ತದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ.

ಇಲ್ಲಿ ಕಾನೂನು ನಿಮ್ಮ ಪರವಾಗಿ ಏನು ಹೇಳುತ್ತದೆ ಎಂಬುದು ಗೊತ್ತಿದ್ದರೆ ಧೈರ್ಯ ಬರುತ್ತದೆ. ಜಾಹೀರಾತಿನಲ್ಲಿ ಒಂದೇ ಬೆಲೆ ಹಾಕಬೇಕು, ಅದಕ್ಕಿಂತ ಹೆಚ್ಚು ಕೊಡುತ್ತೀರಾ ಎಂದು ಏಜೆಂಟ್ ಕೇಳುವಂತಿಲ್ಲ. ಅರ್ಜಿಗೆ, ಹಿನ್ನೆಲೆ ಪರಿಶೀಲನೆಗೆ, ಕರಾರು ತಯಾರಿಗೆ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಮನೆ ಹಿಡಿದಿಡಲು ಕೇಳುವ ಹಣ ಒಂದು ವಾರದ ಬಾಡಿಗೆಗಿಂತ ಹೆಚ್ಚಿರಬಾರದು, ಅದನ್ನೂ ಅರ್ಜಿ ಒಪ್ಪಿಗೆಯಾದ ಮೇಲಷ್ಟೇ ಕೇಳಬಹುದು, ಆಮೇಲೆ ಬಾಡಿಗೆಗೆ ವಜಾ ಮಾಡಿಕೊಳ್ಳಬೇಕು. ಮನೆಯನ್ನೇ ತೋರಿಸದೆ, ಊರಲ್ಲಿಲ್ಲ, ಹಣ ಹಾಕಿದರೆ ಕೀಲಿ ಅಂಚೆಯಲ್ಲಿ ಕಳುಹಿಸುತ್ತೇನೆ ಎನ್ನುವವರು ಮೋಸಗಾರರು. ಫೋಟೋ ಎಷ್ಟೇ ಚೆಂದವಿರಲಿ, ಒಂದು ಡಾಲರ್ ಕೂಡ ಹಾಕಬೇಡಿ.

ಆಮೇಲೆ ಕಾಯುವುದು. ಒಪ್ಪಿಗೆಯಾದರೆ ಫೋನ್ ಬರುತ್ತದೆ, ಆಗದಿದ್ದರೆ ಒಂದು ಸಾಲಿನ ಮಿಂಚಂಚೆ, ಎಷ್ಟೋ ಸಲ ಅದೂ ಇಲ್ಲ. ಕಾರಣ ಹೇಳುವ ಪದ್ಧತಿಯಿಲ್ಲ. ಸಂಬಳ ಸಾಲದೆ ಹೋಯಿತೋ, ಹೆಸರು ನೋಡಿ ಬೇಡವೆಂದರೋ, ಮಕ್ಕಳಿದ್ದಾರೆಂದೋ ಎಂದು ಮನಸ್ಸು ಏನೇನೋ ಎಣಿಸಿ ಕುಗ್ಗುತ್ತದೆ. ಒಂದೇ ಮನೆಯ ಮೇಲೆ ಆಸೆ ಕಟ್ಟಿಕೊಂಡು ಉಳಿದದ್ದನ್ನು ಬಿಡುವುದು ಬೇಡ. ಸರಿಬರುವ ಎರಡು ಮೂರಕ್ಕೆ ಏಕಕಾಲಕ್ಕೆ ಅರ್ಜಿ ಹಾಕುವುದರಲ್ಲಿ ತಪ್ಪೇನಿಲ್ಲ. ಮಂಗಳವಾರದ ಬೆಳಿಗ್ಗೆ ಏಜೆಂಟರಿಗೆ ಒಮ್ಮೆ ಫೋನ್ ಮಾಡಿ ಕಾಗದಗಳೆಲ್ಲ ತಲುಪಿದವೇ ಎಂದು ಮರ್ಯಾದೆಯಿಂದ ಕೇಳಿ. ಕೆಲವೊಮ್ಮೆ ಒಂದು ಪೇಸ್ಲಿಪ್ ತೆರೆಯಲಿಲ್ಲ ಎಂಬ ಕಾರಣಕ್ಕೇ ಅರ್ಜಿ ಪಕ್ಕಕ್ಕೆ ಬಿದ್ದಿರುತ್ತದೆ.

ಒಪ್ಪಿಗೆ ಬಂತು ಎಂದ ಕೂಡಲೇ ಎಲ್ಲ ಒಟ್ಟಿಗೆ ಓಡತೊಡಗುತ್ತದೆ. ಕರಾರು ಆನ್‌ಲೈನಿನಲ್ಲಿ ಬರುತ್ತದೆ, ಸಹಿ ಮಾಡಲು ಒಂದೆರಡು ದಿನ ಕೊಡುತ್ತಾರೆ. ಅಷ್ಟರಲ್ಲಿ ಪೂರ್ತಿ ಓದಿ. ಕೊನೆಯಲ್ಲಿರುವ ಹೆಚ್ಚುವರಿ ಷರತ್ತುಗಳನ್ನು ಎರಡು ಸಲ ಓದಿ. ಖಾಲಿ ಮಾಡುವಾಗ ಕಾರ್ಪೆಟ್ಟನ್ನು ಕಂಪನಿಯವರಿಂದಲೇ ತೊಳೆಸಬೇಕು, ಬಾಡಿಗೆದಾರ ವಿಮೆ ಮಾಡಿಸಲೇಬೇಕು ಎಂಬ ಷರತ್ತುಗಳನ್ನು ಕಾನೂನು ಒಪ್ಪುವುದಿಲ್ಲ, ಸಾಕುಪ್ರಾಣಿ ಇದ್ದರೆ ಕಾರ್ಪೆಟ್ಟಿನ ಮಾತು ಬೇರೆ. ಕಟ್ಟಡದ ಸಂಘ, ಇಲ್ಲಿ ಸ್ಟ್ರಾಟಾ ಎನ್ನುತ್ತಾರೆ, ಅದರ ನಿಯಮಗಳ ಪ್ರತಿಯನ್ನು ಕೇಳಿ ಪಡೆಯಿರಿ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಬಹುದೇ, ಸಾಮಾನು ಸಾಗಿಸಲು ಮೊದಲೇ ದಿನ ಹೇಳಬೇಕೇ, ಎಷ್ಟು ಗಂಟೆಯ ಮೇಲೆ ಸದ್ದು ಮಾಡಬಾರದು ಎಲ್ಲ ಅದರಲ್ಲಿರುತ್ತದೆ. ಮುಂಜಾನೆ ಆರಕ್ಕೆ ಚಟ್ನಿ ರುಬ್ಬುವವರು ಕೊನೆಯದನ್ನು ಗಮನಿಸಿ, ಹಳೆಯ ಕಟ್ಟಡದ ಮರದ ನೆಲದಲ್ಲಿ ಮಿಕ್ಸಿಯ ಸದ್ದು ಕೆಳಮನೆಗೆ ಚೆನ್ನಾಗಿ ಇಳಿಯುತ್ತದೆ.

ಬಾಂಡ್ ಹಣ ಓನರ್ ಕೈಗೆ ಹೋಗುವುದಿಲ್ಲ. ಸರ್ಕಾರದ ಫೇರ್ ಟ್ರೇಡಿಂಗ್ ಇಲಾಖೆಯಲ್ಲಿ ಜಮೆಯಾಗಿರುತ್ತದೆ. ರೆಂಟಲ್ ಬಾಂಡ್ಸ್ ಆನ್‌ಲೈನ್ ಎಂಬ ಸೇವೆಯ ಕೊಂಡಿಯನ್ನು ಏಜೆಂಟ್ ಕಳುಹಿಸಬೇಕು, ನೀವು ನೇರವಾಗಿ ಅಲ್ಲಿಗೇ ಕಟ್ಟಬಹುದು. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಂಡ ಕಹಿ ಎಷ್ಟು ಮಂದಿಗಿಲ್ಲ? ಇಲ್ಲಿ ಸಹಜವಾಗಿ ಸವೆದದ್ದಕ್ಕೆ ಹಣ ಹಿಡಿಯುವಂತಿಲ್ಲ. ಬಿಪೇ ಎಂಬ ಬ್ಯಾಂಕಿನ ಬಿಲ್ ಪಾವತಿ ವ್ಯವಸ್ಥೆಯ ಮೂಲಕ ಕಟ್ಟಿದರೆ ಹಣ ತಲುಪಲು ಒಂದೆರಡು ಕೆಲಸದ ದಿನ ಬೇಕಾಗಬಹುದು. ಶುಕ್ರವಾರ ಸಂಜೆ ಕಟ್ಟಿ ಶನಿವಾರ ಕೀಲಿ ಕೇಳಿದರೆ ಸಿಗದು, ಬುಧವಾರದೊಳಗೆ ಮುಗಿಸಿಕೊಳ್ಳಿ. ಕರಾರಿನಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ಒಂದು ಜೊತೆ ಕೀಲಿ ಪುಕ್ಕಟೆಯಾಗಿ ಕೊಡಬೇಕು.

ಕೀಲಿಯ ಜೊತೆ ಬರುವ ಕಂಡಿಷನ್ ರಿಪೋರ್ಟ್ ಎಂಬ ಕಾಗದವನ್ನು ಹಗುರವಾಗಿ ನೋಡಬೇಡಿ. ಕೋಣೆ ಕೋಣೆಯಾಗಿ ಗೋಡೆ, ನೆಲ, ಕಿಟಕಿ ಹೇಗಿದೆ ಎಂದು ಏಜೆಂಟ್ ಬರೆದಿರುತ್ತಾರೆ. ನೀವು ಒಪ್ಪಿದಿರೋ ಇಲ್ಲವೋ ಎಂದು ತುಂಬಿ 7 ದಿನದೊಳಗೆ ವಾಪಸು ಕೊಡಬೇಕು. ಸಾಮಾನು ಒಳಗಿಡುವ ಮೊದಲೇ, ಖಾಲಿ ಮನೆಯಲ್ಲಿ, ಹಗಲಿನಲ್ಲಿ ಈ ಕೆಲಸ ಮಾಡಿ. ಕಾರ್ಪೆಟ್ಟಿನ ಪ್ರತಿ ಕಲೆ, ಬಾಗಿಲ ಗೀರು, ಕೂರದ ಚಿಲಕ, ತುಕ್ಕು ಹಿಡಿದ ಬಾಲ್ಕನಿಯ ಕಂಬಿ, ಬಚ್ಚಲಿನ ಟೈಲ್ಸ್ ಸಂದಿನ ಕಪ್ಪು ಎಲ್ಲದರ ಫೋಟೋ ತೆಗೆದು ನಿಮ್ಮ ಮಿಂಚಂಚೆಯಿಂದಲೇ ಏಜೆಂಟರಿಗೆ ಕಳುಹಿಸಿ. ಆ ಮಿಂಚಂಚೆಯ ತಾರೀಖೇ ಮುಂದೆ ಸಾಕ್ಷಿ. ತೇವ, ಬೂಷ್ಟಿನ ಗುರುತು ಇದೆಯೇ ಎಂಬ ಪ್ರಶ್ನೆ ಆ ಕಾಗದದಲ್ಲೇ ಇದೆ, ಅಲ್ಲಿ ನಿಲ್ಲಿ. ಒಂದು ಬೆರಳಿನಷ್ಟು ಗುರುತಿದ್ದರೂ ಬರೆಯಿರಿ. ಬರೆಯದೆ ಬಿಟ್ಟದ್ದು ನೀವು ಬಂದ ಮೇಲೆ ಆದದ್ದು ಎಂದಾಗುತ್ತದೆ.

ವಿದ್ಯುತ್ತಿಗೆ ಕಂಪನಿಯನ್ನು ನೀವೇ ಆರಿಸಬೇಕು. ಎನರ್ಜಿ ಮೇಡ್ ಈಸಿ ಎಂಬ ಸರ್ಕಾರಿ ತಾಣದಲ್ಲಿ ವಿಳಾಸದ ಪಿನ್‌ಕೋಡ್ ಹಾಕಿದರೆ ದರಗಳನ್ನು ಹೋಲಿಸಬಹುದು. ಏಜೆಂಟ್ ಕಡೆಯಿಂದ ಫೋನ್ ಮಾಡಿ ಎಲ್ಲ ನಾವೇ ಜೋಡಿಸಿಕೊಡುತ್ತೇವೆ ಎನ್ನುವವರ ಸೇವೆ ಬೇಡವೆನ್ನಬಹುದು. ಅವರು ಹೇಳುವುದು ತಮ್ಮ ಪಾಲುದಾರ ಕಂಪನಿಗಳನ್ನಷ್ಟೇ. ಹೊಸ ಕಟ್ಟಡಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ಕಂಪನಿ ಗೊತ್ತು ಮಾಡಿರುವುದುಂಟು, ಅದನ್ನು ಸಹಿಗೆ ಮೊದಲೇ ಕೇಳಿ. ಹಳೆಯ ಕಟ್ಟಡಗಳಲ್ಲಿ ಮನೆಗೊಂದು ನೀರಿನ ಮೀಟರ್ ಇರುವುದು ಅಪರೂಪ. ಬೇರೆ ಮೀಟರ್ ಇಲ್ಲದಿದ್ದರೆ ನೀರಿನ ಬಳಕೆಯ ಹಣ ನಿಮ್ಮಿಂದ ಕೇಳುವಂತಿಲ್ಲ. ಇಂಟರ್ನೆಟ್ಟಿಗೆ ವಿಳಾಸ ಹಾಕಿ ಎನ್‌ಬಿಎನ್ ಎಂಬ ದೇಶದ ಬ್ರಾಡ್‌ಬ್ಯಾಂಡ್ ಜಾಲದ ಸಂಪರ್ಕ ಯಾವ ಬಗೆಯದೆಂದು ನೋಡಿಕೊಳ್ಳಿ, ಹಳೆಯ ತಾಮ್ರದ ತಂತಿಯ ಮನೆಯಾದರೆ ವೇಗ ಕಡಿಮೆ. ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವವರಿಗೆ ಸಹಿಯಾದ ಕರಾರೂ ವಿದ್ಯುತ್ ಬಿಲ್ಲೂ ವಿಳಾಸದ ಪುರಾವೆ. ಶಾಲೆಯ ವ್ಯಾಪ್ತಿ ಬೀದಿಯ ಮೇಲೆ ನಿಂತಿದೆ, ಮನೆ ಹಿಡಿಯುವ ಮೊದಲೇ ಆ ವಿಳಾಸ ಯಾವ ಶಾಲೆಗೆ ಬರುತ್ತದೆ ಎಂದು ಸ್ಕೂಲ್ ಫೈಂಡರ್ ಎಂಬ ಸರ್ಕಾರಿ ತಾಣದಲ್ಲಿ ನೋಡಿ. ತಾತ್ಕಾಲಿಕ ವೀಸಾದಲ್ಲಿರುವ ಹಲವರಿಗೆ ಸರ್ಕಾರಿ ಶಾಲೆಗೂ ಶುಲ್ಕವಿದೆ.

ಸಾಮಾನು ಬರುವ ದಿನದ ಅಡ್ಡಿ ಬೀದಿಯೇ. ಕಿರಿದು, ಇಳಿಜಾರು, ಎರಡೂ ಬದಿ ಕಾರು ನಿಂತಿರುತ್ತವೆ. ಸಣ್ಣ ವ್ಯಾನನ್ನೇ ಕೇಳಿ. ಸೋಫಾ ಕೊಳ್ಳುವ ಮುಂಚೆ ಮೆಟ್ಟಿಲ ತಿರುವಿನ ಅಗಲ ಅಳೆದುಕೊಳ್ಳಿ. ಕಾರಿಗೆ ಜಾಗವಿಲ್ಲದ ಮನೆಯಾದರೆ ನಾರ್ತ್ ಸಿಡ್ನಿ ಕೌನ್ಸಿಲ್‌ನ ನಿವಾಸಿ ಪಾರ್ಕಿಂಗ್ ಪರವಾನಗಿ ಆ ಕಟ್ಟಡಕ್ಕೆ ಸಿಗುತ್ತದೆಯೇ ಎಂದು ಮೊದಲೇ ಕೇಳಬೇಕು, ಎಲ್ಲ ಕಟ್ಟಡಗಳಿಗೂ ಸಿಗುವುದಿಲ್ಲ.

ಇನ್ನು ಬದುಕು. ಬೆಳಿಗ್ಗೆ ಕೂಕಬರಾ ಹಕ್ಕಿಗಳ ಗದ್ದಲ ಅಲಾರಂ ಬೇಡವೆನ್ನಿಸುತ್ತದೆ. ಬಿಳಿ ಕಾಕಟೂಗಳು ಬಾಲ್ಕನಿಯ ಮರದ ಕಂಬಿಯನ್ನು ಕಚ್ಚಿ ಸಿಗಿಯುತ್ತವೆ, ಮುದ್ದು ಎಂದು ಕಾಳು ಹಾಕಿದರೆ ದಂಡೇ ಬರುತ್ತದೆ. ಗೋರ್ ಬೇ ತೈಲ ಟರ್ಮಿನಲ್‌ಗೆ ಬಂದ ಹಡಗು ನಿಂತಿರುವಾಗಲೂ ಅದರ ಜನರೇಟರ್ ಓಡುತ್ತಿರುತ್ತದೆ. ನೀರಿನ ಮೇಲಿಂದ ಆ ಗುಂಯ್ ಎನ್ನುವ ಸದ್ದು ರಾತ್ರಿ ವುಲ್‌ಸ್ಟೋನ್‌ಕ್ರಾಫ್ಟ್‌ನ ಪಶ್ಚಿಮದ ಕಿಟಕಿಗಳಿಗೆ ಕೇಳುತ್ತದೆ. ನಿದ್ದೆ ಸೂಕ್ಷ್ಮವಾಗಿರುವವರು ಮಲಗುವ ಕೋಣೆ ಯಾವ ಕಡೆಗಿದೆ ನೋಡಿಕೊಳ್ಳಲಿ. ಡಿಸೆಂಬರ್ 31ರಂದು ಪಟಾಕಿ ನೋಡಲು ಬರುವ ಜನಕ್ಕಾಗಿ ಲ್ಯಾವೆಂಡರ್ ಬೇ, ಮೆಕ್‌ಮಾನ್ಸ್ ಪಾಯಿಂಟ್ ಸುತ್ತಲಿನ ರಸ್ತೆಗಳನ್ನು ಮುಚ್ಚುತ್ತಾರೆ, ಅಂದು ಕಾರು ತೆಗೆಯುವ ಯೋಚನೆ ಬೇಡ. ಉಳಿದ ದಿನಗಳಲ್ಲಿ ಬಾಲ್ಸ್ ಹೆಡ್‌ನ ಕಾಡಿನ ದಾರಿ, ಬೆರಿ ಐಲೆಂಡ್‌ನ ಗಡ್ಯನ್ ದಾರಿಯ ಮೂಲನಿವಾಸಿಗಳ ಕಲ್ಗೆತ್ತನೆ ಇವೆಲ್ಲ ಚಪ್ಪಲಿ ಮೆಟ್ಟಿಕೊಂಡು ಹೋಗಿಬರುವಷ್ಟು ಹತ್ತಿರ. ಇದಕ್ಕಾಗಿಯೇ ಇಷ್ಟು ಬಾಡಿಗೆ ಕೊಡಲು ಮನಸ್ಸು ಒಪ್ಪುವುದು.

ಸೊಪ್ಪು, ಕೊಬ್ಬರಿ, ರಾಗಿಹಿಟ್ಟು ಹತ್ತಿರದಲ್ಲಿ ಸಿಗುತ್ತವೆ ಎಂದುಕೊಳ್ಳಬೇಡಿ. ದೊಡ್ಡ ಸೂಪರ್‌ಮಾರ್ಕೆಟ್ಟಿಗೇ ಕ್ರೋಸ್ ನೆಸ್ಟ್ ಅಥವಾ ನಾರ್ತ್ ಸಿಡ್ನಿಗೆ ಹೋಗಬೇಕು. ನಮ್ಮ ದಿನಸಿಗೆ ಟಿ1 ರೈಲಿನಲ್ಲಿ ನೇರ ಪ್ಯಾರಮಟ್ಟಾಗೆ ಹೋಗಿ, ಅಲ್ಲಿಂದ ನಡೆದರೆ ಹ್ಯಾರಿಸ್ ಪಾರ್ಕ್. ತಿಂಗಳಿಗೊಮ್ಮೆ ದೊಡ್ಡ ಚೀಲ ತುಂಬಿಸಿಕೊಂಡು ಬರುವುದು ಅನುಕೂಲ.

ಚಳಿಗಾಲದ ಮಾತು ಮತ್ತೆ ಹೇಳಲೇಬೇಕು. ಜುಲೈ ರಾತ್ರಿಗಳಲ್ಲಿ ಹೊರಗೆ 8 ಡಿಗ್ರಿ ಆಸುಪಾಸು. ಹಳೆಯ ಇಟ್ಟಿಗೆ ಮನೆಗಳಿಗೆ ಒಂಟಿ ಗಾಜಿನ ಕಿಟಕಿ, ಗೋಡೆಯೊಳಗೆ ಶಾಖ ತಡೆಯುವ ಪದರವಿಲ್ಲ. ರಾತ್ರಿ ಉಸಿರಿನ ಹಬೆ, ಅನ್ನ ಸಾರಿನ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲ ಸೇರಿ ತಣ್ಣನೆಯ ಗಾಜಿನ ಮೇಲೆ, ಹೊರಗೋಡೆಯ ಮೂಲೆಯಲ್ಲಿ ಬೆವರಾಗುತ್ತದೆ. ಒಂದು ವಾರ ಬಿಟ್ಟರೆ ಬೂಷ್ಟು. ಮೊದಲು ಹಾಳಾಗುವುದು ಬೀರುವಿನೊಳಗಿನ ರೇಷ್ಮೆ ಸೀರೆ, ಚರ್ಮದ ಚಪ್ಪಲಿ, ಚೀಲ. ಬೆಳಿಗ್ಗೆ ಎದ್ದ ಕೂಡಲೇ ಗಾಜಿನ ನೀರು ಒರೆಸಿ, ಎದುರುಬದುರಿನ ಎರಡು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆರೆದಿಡಿ, ಎಷ್ಟೇ ಚಳಿಯಿದ್ದರೂ. ಮಂಚ, ಬೀರುಗಳನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ. ಸೂಪರ್‌ಮಾರ್ಕೆಟ್ಟಿನಲ್ಲಿ ಸಿಗುವ ತೇವ ಹೀರುವ ಡಬ್ಬಿಗಳು ಬೀರುವಿಗೆ ಸಾಕು. ಇಡೀ ಕೋಣೆಗೆ ಅವು ಸಾಲವು, ತೇವ ತೆಗೆಯುವ ಯಂತ್ರ ಕೊಳ್ಳಬೇಕು, ಅದರ ಬೆಲೆಯನ್ನು ಮೊದಲ ವರ್ಷದ ಲೆಕ್ಕದಲ್ಲೇ ಸೇರಿಸಿಕೊಳ್ಳಿ.

ಇಷ್ಟು ಮಾಡಿಯೂ ಗೋಡೆ ಒದ್ದೆಯಾದರೆ ಕಾರಣ ಕಟ್ಟಡದಲ್ಲಿದೆ, ರಿಪೇರಿ ಓನರ್‌ನ ಹೊಣೆ. ಫೋಟೋ ಸಮೇತ ಬರಹದಲ್ಲೇ ತಿಳಿಸಿ, ತಡಮಾಡಿದರೆ ತಪ್ಪು ನಿಮ್ಮ ಮೇಲೆ ಬರಬಹುದು. ಪೈಪ್ ಒಡೆದಂಥ ತುರ್ತು ರಿಪೇರಿಗೆ ಓನರ್ ಸಿಗದಿದ್ದರೆ ನೀವೇ ಮಾಡಿಸಿ 1,000 ಡಾಲರ್‌ವರೆಗೆ ವಾಪಸು ಕೇಳಬಹುದು, ಲಿಖಿತವಾಗಿ ಕೇಳಿದ 14 ದಿನದೊಳಗೆ ಕೊಡಬೇಕು. ಮಾತು ಕೇಳದಿದ್ದರೆ ಎನ್‌ಕ್ಯಾಟ್ ಎಂಬ ನ್ಯಾಯಮಂಡಳಿ ಇದೆ. ಆದರೆ ಜಗಳವಾಗಿದೆ ಎಂದು ಬಾಡಿಗೆ ಮಾತ್ರ ನಿಲ್ಲಿಸಬೇಡಿ. 14 ದಿನ ಬಾಕಿಯಾದರೆ ಮನೆ ಬಿಡಲು ನೋಟಿಸು ಕೊಡುವ ಹಕ್ಕು ಅವರಿಗೆ ಬರುತ್ತದೆ.

ಒಂದು ವರ್ಷದ ಕರಾರು ಮುಗಿದರೆ ನಮ್ಮ ಹನ್ನೊಂದು ತಿಂಗಳ ಕಾಗದದಂತೆ ಮತ್ತೆ ಬರೆಸಲೇಬೇಕೆಂದಿಲ್ಲ, ಅದೇ ಷರತ್ತಿನಲ್ಲಿ ತಾನಾಗಿ ಮುಂದುವರಿಯುತ್ತದೆ. ಬಾಡಿಗೆ ಏರಿಸುವುದು 12 ತಿಂಗಳಿಗೆ ಒಮ್ಮೆ ಮಾತ್ರ, 60 ದಿನ ಮುಂಚಿತವಾಗಿ ಲಿಖಿತ ನೋಟಿಸು ಕೊಟ್ಟು. 19 ಮೇ 2025ರಿಂದ ಕಾರಣ ಹೇಳದೆ ಮನೆ ಬಿಡಿಸುವಂತಿಲ್ಲ. ಮಾರಾಟ, ಸ್ವಂತ ವಾಸ, ದೊಡ್ಡ ರಿಪೇರಿಯಂಥ ಕಾನೂನಿನಲ್ಲಿ ಹೇಳಿದ ಕಾರಣಗಳೇ ಬೇಕು. ನೀವೇ ಬಿಡುವುದಾದರೆ ಕರಾರು ಮುಗಿಯುವ ಹೊತ್ತಿಗೆ 14 ದಿನ, ಮುಗಿದು ಮುಂದುವರಿದಿದ್ದರೆ 21 ದಿನದ ನೋಟಿಸು ಸಾಕು. ವರ್ಷದ ಕರಾರನ್ನು ನಡುವೆಯೇ ಮುರಿಯಬೇಕಾಗಿ ಬಂದರೆ ದಂಡ ಗೊತ್ತುಪಡಿಸಿದೆ: ಮೊದಲ ಮೂರು ತಿಂಗಳಲ್ಲಿ ಬಿಟ್ಟರೆ ನಾಲ್ಕು ವಾರದ ಬಾಡಿಗೆ, ಆರು ತಿಂಗಳೊಳಗೆ ಮೂರು ವಾರದ್ದು, ಒಂಬತ್ತರೊಳಗೆ ಎರಡು, ಆಮೇಲೆ ಒಂದು. ಕೆಲಸದ ವೀಸಾದಲ್ಲಿ ಬಂದವರು ಈ ನಾಲ್ಕು ವಾರದ ಹಣವನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರುವುದು ಒಳ್ಳೆಯದು. ಮನೆ ಬಿಟ್ಟ ಮೇಲೆ ಬಾಂಡ್ ವಾಪಸು ಕೇಳುವ ಅರ್ಜಿಯನ್ನು ಏಜೆಂಟ್ ಹಾಕಲಿ ಎಂದು ಕಾಯಬೇಡಿ, ಅದೇ ಆನ್‌ಲೈನ್ ಖಾತೆಯಿಂದ ನೀವೇ ಹಾಕಿ. 14 ದಿನದೊಳಗೆ ಅವರು ನ್ಯಾಯಮಂಡಳಿಗೆ ಹೋಗದಿದ್ದರೆ ಹಣ ನಿಮ್ಮ ಖಾತೆಗೆ ಬರುತ್ತದೆ. ಭಾರತಕ್ಕೆ ಮರಳುವವರು ಅಲ್ಲಿಯವರೆಗೆ ಇಲ್ಲಿನ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.